ಗುರುತು ಬಿದ್ದ ಬಿಲ್ಲೆ

ಬುರುಲ್ ಮದುವೆಯಾಗಿ ಆ ಮನೆಗೆ ಬಂದಾಗ ಗಂಡನ ತಮ್ಮನಿಗೆ ಒಂಬತ್ತು ವರ್ಷ. ಸೊಸೆಯಾಗಿ ಬಂದವಳು ಗಂಡನ ಕಡೆಯ ಗಂಡಸರನ್ನು, ಅವರು ಹಿರಿಯರಿರಲಿ ಕಿರಿಯರಿರಲಿ, ಹೆಸರು ಹಿಡಿದು ಕರೆಯುವಂತಿಲ್ಲ. ಒಬ್ಬೊಬ್ಬರಿಗೂ ಅವಳೇ ಒಂದೊಂದು ಹೆಸರು ಇಟ್ಟುಕೊಳ್ಳಬೇಕು. ಮರುದಿನ ಬೆಳಗ್ಗೆ ಆ ಹುಡುಗ ಅಣ್ಣನ ದೊಡ್ಡ ಬೂಟುಗಳಲ್ಲಿ ಕಾಲು ತೂರಿಸಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಜಮಾನನ ಗತ್ತಿನಿಂದ ಅಂಗಳದಲ್ಲಿ ತಿರುಗಾಡುತ್ತಿದ್ದುದನ್ನು ಕಂಡು ಅವಳಿಗೆ ನಗು ಬಂತು. "ಚಿಕ್ಕ ಧಣಿಗಳು ಚಹಾ ಕುಡೀತಾರೋ?" ಎಂದು ಕೇಳಿದಳು. ಅಂದಿನಿಂದ ಅವನು ಚಿಕ್ಕ ಧಣಿ. ಎರಡು ವರ್ಷಕ್ಕೆ ಅತ್ತೆ ತೀರಿಕೊಂಡರು. ಅಲ್ಲಿಂದ ಮುಂದೆ ಅವನ ಅಂಗಿ ಒಗೆದವಳು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಇಟ್ಟವಳು, ದೊಡ್ಡವನಾದ ಮೇಲೆ ಅವನಿಗೆ ಹೆಣ್ಣು ಕೇಳಲು ಹೋದವಳು ಎಲ್ಲ ಬುರುಲ್. ಈಗ ಅವನಿಗೆ ನಲವತ್ತೇಳು. ಕಿವಿಯ ಮೇಲೆ ಕೂದಲು ನರೆತಿದೆ. ಮೆದೆತ್ ಎಂಬ ಅವನ ಹೆಸರು ಈ ಮೂವತ್ತೆಂಟು ವರ್ಷಗಳಲ್ಲಿ ಒಂದು ಸಲವೂ ಅವಳ ಬಾಯಿಂದ ಹೊರಟಿರಲಿಲ್ಲ.

ಅವರ ಕೆಲಸದ ಶೆಡ್ಡು ಬಿಷ್ಕೆಕ್ ನಗರದ ಕೆಳಭಾಗದಲ್ಲಿ, ರೈಲು ಹಳಿಯ ಆಚೆ. ಒಂದೇ ಸೂರು, ಎರಡು ಬಾಗಿಲು; ಹಿಂದೆಯೇ ಮನೆ. ಒಂದು ಬಾಗಿಲಿನ ಒಳಗೆ ಬುರುಲ್‌ಳ ಲೋಹ ಕಡೆಯುವ ಲೇತ್, ಇನ್ನೊಂದರ ಒಳಗೆ ಕಾರು ಎತ್ತುವ ಜಾಗ. ಹರೆಯದಲ್ಲಿ ಬುರುಲ್ ಸರಕಾರದ ಯಂತ್ರದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದಳು. ಕಾರ್ಖಾನೆ ಮುಚ್ಚಿ, ಯಂತ್ರಗಳನ್ನು ಗುಜರಿಯ ತೂಕಕ್ಕೆ ಮಾರುವಾಗ, ಅವಳು ಹನ್ನೊಂದು ವರ್ಷ ನಿಂತು ಕೆಲಸ ಮಾಡಿದ ಅದೇ ಲೇತನ್ನು ಗಂಡ ಸಮುದಿನ್ ಲಾರಿಯಲ್ಲಿ ಹೇರಿಕೊಂಡು ಬಂದ. ಹೆಂಡತಿಗೆ ಚಿನ್ನ ತರುವವರಿದ್ದಾರೆ, ನಾನು ಒಂದೂವರೆ ಟನ್ ಕಬ್ಬಿಣ ತಂದಿದ್ದೇನೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ. ಅವಳು ಕಡೆಯುವುದು, ಅವನು ಜೋಡಿಸುವುದು. ಮೊದಲು ಟ್ರ್ಯಾಕ್ಟರಿನ ಬುಶ್ಶುಗಳು, ಆಮೇಲೆ ಜಪಾನಿನ ಹಳೆಯ ಕಾರುಗಳ ಸಾಮಾನು. ನಾಲ್ಕೈದು ವರ್ಷಗಳಿಂದ ಚೀನಾದ ಗಡಿ ದಾಟಿ ವಿದ್ಯುತ್ ಕಾರುಗಳು ಬರತೊಡಗಿದವು. ಕಾಲಿಟ್ಟ ಕೂಡಲೇ ಚಿಮ್ಮುವ, ಎರಡು ಟನ್ನಿಗೂ ಮೀರಿ ತೂಗುವ ಕಾರುಗಳು. ಅವುಗಳ ಚಕ್ರ ಒಳಕ್ಕೆ ಸೇದಿಕೊಂಡಂತೆ ಇರುತ್ತದೆಂದು ಹುಡುಗರಿಗೆ ಅಸಮಾಧಾನ. ಚಕ್ರ ಹೊರಗೆ ಬಂದು ಕಾರಿನ ಮೈಗೆ ಸರಿಸಮವಾಗಿ ನಿಂತರೆ, ಎದೆ ಅಗಲಿಸಿ ನಿಂತ ಕುಸ್ತಿಪಟುವಿನ ಹಾಗೆ ಕಾಣುತ್ತದೆ. ತಿರುವಿನಲ್ಲೂ ಕಾರು ನೆಲ ಕಚ್ಚಿ ಓಡುತ್ತದೆ. ಅದಕ್ಕಾಗಿ ಕಾರಿನಲ್ಲಿ ಚಕ್ರ ಬಿಗಿಯುವ ನಡುಭಾಗವಾದ ಹಬ್ಬಿಗೂ ಚಕ್ರಕ್ಕೂ ನಡುವೆ ಒಂದು ದಪ್ಪ ಬಿಲ್ಲೆ ಹಾಕಬೇಕು. ಹುಡುಗರು ಸ್ಪೇಸರ್ ಎನ್ನುತ್ತಾರೆ. ಬುರುಲ್ ಬಿಲ್ಲೆ ಎನ್ನುತ್ತಾಳೆ.

ನೋಡಲು ಅದು ಏನೂ ಅಲ್ಲ, ಐದು ತೂತಿನ ಒಂದು ತಟ್ಟೆ. ಆದರೆ ಕಾರಿನ ಭಾರವೆಲ್ಲ ಅದರ ಮೂಲಕವೇ ನೆಲಕ್ಕೆ ಇಳಿಯುತ್ತದೆ. ನಡುವಿನ ತೂತು ಹಬ್ಬಿನ ಮೇಲೆ ಬೆರಳಿಗೆ ಉಂಗುರ ಕೂತ ಹಾಗೆ ಕೂರಬೇಕು. ಕೂದಲೆಳೆಯಷ್ಟು ಸಡಿಲವಾದರೂ ಭಾರವೆಲ್ಲ ಬೋಲ್ಟುಗಳ ಮೇಲೆ ಬೀಳುತ್ತದೆ, ಬೋಲ್ಟುಗಳು ದಿನದಿನಕ್ಕೆ ದಣಿದು ಒಂದು ದಿನ ಮುರಿಯುತ್ತವೆ. ಬುರುಲ್ ಬಡಿದು ಗಟ್ಟಿ ಮಾಡಿದ ಲೋಹದ ಗುಂಡಿನಿಂದ ಒಂದೊಂದನ್ನೂ ಕಡೆಯುತ್ತಿದ್ದಳು. ನಾಲ್ಕು ಚಕ್ರದ ಒಂದು ಸೆಟ್ಟಿಗೆ ಎರಡು ದಿನ. ಅವಳ ಲೇತಿನ ಒಂದು ಹಲ್ಲು ಕಾರ್ಖಾನೆಯ ಕಾಲದಲ್ಲೇ ಸವೆದಿತ್ತು. ಅದರಿಂದ ಅವಳು ಕಡೆದ ಮೈಯ ಮೇಲೆ ಕಣ್ಣಿಗೆ ಕಾಣದ, ಉಗುರಿಗೆ ಮಾತ್ರ ಸಿಗುವ ಒಂದು ಸಣ್ಣ ಅಲೆ ಉಳಿಯುತ್ತಿತ್ತು.

ಸಮುದಿನನದು ಒಂದು ಪದ್ಧತಿ. ಬಿಲ್ಲೆ ಹಾಕಿ, ನಟ್ಟುಗಳನ್ನು ಬಿಗಿತ ಅಳೆಯುವ ಪಾನದಿಂದ, ಅಂದರೆ ಸ್ಪ್ಯಾನರಿನಿಂದ, ಕಟ್ ಎಂದು ಸದ್ದು ಬರುವವರೆಗೆ ಬಿಗಿದ ಮೇಲೂ ಅವನ ಕೆಲಸ ಮುಗಿಯುತ್ತಿರಲಿಲ್ಲ. ಟೋಕ್ಮೋಕ್ ದಾರಿಯಲ್ಲಿ ಐವತ್ತು ಕಿಲೋಮೀಟರ್ ಓಡಿಸಿಕೊಂಡು ಬಾ ಎಂದು ಕಳಿಸುತ್ತಿದ್ದ. ಬಂದ ಮೇಲೆ ಚಕ್ರ ಬಿಚ್ಚಿ, ಬಿಲ್ಲೆಯನ್ನೂ ಇಳಿಸಿ ನೋಡಿ, ಎಲ್ಲ ಸರಿಯಿದ್ದರೆ ಆಗ ಅದರ ಅಂಚಿಗೆ ತನ್ನ ಗುರುತಿನ ಅಚ್ಚು ಹೊಡೆಯುತ್ತಿದ್ದ: ಎರಡು ಕೊಂಬು, ಕೆಳಗೊಂದು ಗೆರೆ. ಅವನ ಮುತ್ತಜ್ಜ ಕುದುರೆಗಳಿಗೆ ಹಾಕುತ್ತಿದ್ದ ಬರೆಯ ಗುರುತು ಅದು. ಮತ್ತೆ ಬಿಗಿದು, ಎಲ್ಲರೂ ಕಾರಿನ ಸುತ್ತ ನಿಂತು, ಅಂಗೈ ಬಿಚ್ಚಿ, ದಾರಿ ಬೆಳ್ಳಗಿರಲಿ ಎಂದು ಹಾರೈಸಿ, ಮುಖ ಸವರಿಕೊಂಡು ಕಳಿಸುವುದು. ಅಚ್ಚು ಬಿದ್ದ ಬಿಲ್ಲೆಯನ್ನು ಆಮೇಲೆ ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಬೇರೆ ಶೆಡ್ಡಿನವರೂ ಆ ಗುರುತು ಕಂಡರೆ ಕೈ ಹಿಂದೆಗೆಯುತ್ತಿದ್ದರು. ಬಿಚ್ಚಿದರೆ ಉಸ್ತಾ, ಅಂದರೆ ಕೈಪಳಗಿದ ಮೇಸ್ತ್ರಿ, ಸಮುದಿನನ ಮಾತನ್ನು ನಂಬಲಿಲ್ಲ ಎಂದಾಗುತ್ತದೆ ಎಂದು.

ಹೋದ ಅಕ್ಟೋಬರಿನಲ್ಲಿ, ಬೆಳಗಿನ ನಮಾಜು ಮುಗಿಸಿ ಗೋಡೆಗೆ ಒರಗಿ ಕೂತವನು ಹಾಗೆಯೇ ಹೋಗಿಬಿಟ್ಟ. ಹೆಣ ಎತ್ತುವ ಮೊದಲು ಇಮಾಮರು ಅಂಗಳದಲ್ಲಿ ನಿಂತವರನ್ನು, ಈತ ಎಂಥ ಮನುಷ್ಯನಾಗಿದ್ದ ಎಂದು ಕೇಳಿದರು. ಒಳ್ಳೆಯ ಮನುಷ್ಯ ಎಂದು ಮುನ್ನೂರು ಜನ ಒಂದೇ ದನಿಯಲ್ಲಿ ಹೇಳಿದರು. ಒಳಗೆ ಹೆಂಗಸರ ನಡುವೆ ಕೂತಿದ್ದ ಬುರುಲ್‌ಗೆ ಆ ಒಂದು ಮಾತು ಕಿವಿಗೆ ಬಿದ್ದುದೇ ಆಧಾರವಾಯಿತು. ದೇವರ ಮುಂದೆ ಅವನು ಬರಿಗೈಯಲ್ಲಿ ನಿಂತಿಲ್ಲ, ಅಷ್ಟು ಜನರ ಸಾಕ್ಷಿ ಹಿಡಿದು ನಿಂತಿದ್ದಾನೆ ಎಂದುಕೊಂಡಳು.

ಅಚ್ಚು ಒಳಕೋಣೆಯಲ್ಲಿ, ಕುರಾನ್ ಇಟ್ಟ ಹಲಗೆಯ ಕೆಳಗೆ, ಉಣ್ಣೆಯ ಚೀಲದಲ್ಲಿತ್ತು. ನಲವತ್ತನೆಯ ದಿನ ಕಳೆದ ಮೇಲೆ ಕೆಲಸ ಮತ್ತೆ ಹಿಡಿಯಲೇಬೇಕಾಗಿ ಅವಳು ಅದನ್ನು ಕೈಗೆ ತೆಗೆದುಕೊಂಡಳು. ಅದು ಕೈಜಾರಿ ಲೇತಿನ ಕಬ್ಬಿಣದ ಮೇಲೆ ಬಿತ್ತು. ಗುರುತಿನಲ್ಲಿ ಎಡಗೊಂಬಾಗಿ ಮೂಡುವ ಕಡೆಯ ತುದಿ ಸಾಸಿವೆ ಕಾಳಿನ ಅರ್ಧದಷ್ಟು ಹಾರಿಹೋಯಿತು. ಗಂಡನ ಹೆಬ್ಬೆರಳನ್ನೇ ಜಜ್ಜಿದಂತಾಗಿ ಅವಳು ಅಲ್ಲೇ ಕೂತು ಅತ್ತಳು. ಯಾರಿಗೂ ಹೇಳಲಿಲ್ಲ. ಯಾರ ಕಣ್ಣಿಗೂ ಅದು ಬೀಳುವಂಥದೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಅವಳು ಕಡೆಯುತ್ತಿದ್ದಳು, ಅಚ್ಚನ್ನೂ ಅವಳೇ ಹೊಡೆಯುತ್ತಿದ್ದಳು. ಜೋಡಿಸುವುದು, ಗಿರಾಕಿಗಳೊಡನೆ ಮಾತು, ಎಲ್ಲ ಮೆದೆತ್‌ನದು. ತಿಂಗಳಿಗೆ ಎರಡೋ ಮೂರೋ ಸೆಟ್ಟು ಅವಳ ಕೈಯಿಂದ ಹೋಗುತ್ತಿತ್ತು. ಗುರುವಾರ ಮಾತ್ರ ಮಧ್ಯಾಹ್ನವಾದ ಮೇಲೆ ಲೇತ್ ನಿಲ್ಲಿಸಿ ಹಿತ್ತಲ ಒಲೆಯ ಮುಂದೆ ಕೂರುತ್ತಿದ್ದಳು. ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದು ಬೊರ್ಸೋಕ್ ಮಾಡುತ್ತಿದ್ದಳು. ಅದರ ಪರಿಮಳ ತೀರಿಹೋದವರಿಗೆ ಮುಟ್ಟುತ್ತದೆ ಎಂದು ನಂಬಿಕೆ. ಆಮೇಲೆ ಕುರಾನಿನ ಸಾಲುಗಳನ್ನು ಹೇಳಿ ನೆರೆಯವರಿಗೆ ಹಂಚಿ ಬರುತ್ತಿದ್ದಳು.

ಮರು ಆಗಸ್ಟ್ ಕೊನೆಯಲ್ಲಿ ಕುತ್ಮಾನ್ ಬಂದ. ಸಮುದಿನನ ಹಳೆಯ ಗೆಳೆಯನ ಮಗ, ಹಲ್ಲಿನ ವೈದ್ಯ. ಜುಲೈನಲ್ಲಿ ಯಾರಿಂದಲೋ ಒಂದು ಬೂದುಬಣ್ಣದ ವಿದ್ಯುತ್ ಕಾರು ಕೊಂಡಿದ್ದ. ಮೂರು ಸೆಕೆಂಡಿನಲ್ಲಿ ನೂರು ಮುಟ್ಟುವಂಥದು, ಹಿಂದಿನ ಸೀಟಿನಲ್ಲಿ ಮಗಳ ಪುಟ್ಟ ಕುರ್ಚಿ. ಎಂಬತ್ತು ದಾಟಿದರೆ ಸ್ಟೀರಿಂಗ್ ನಡುಗುತ್ತದೆ ಎಂದು ಅವನ ದೂರು.

"ಮುದುಕನ ಕೈಲಿ ಚಹಾ ಬಟ್ಟಲು ನಡುಗೋ ಹಾಗೆ ಅಕ್ಕ," ಎಂದ.

ಮೆದೆತ್ ಕಾರಿನ ಸುತ್ತ ಒಂದು ಸುತ್ತು ಬಂದ. "ಕಾರು ನಡುಗ್ತಾ ಇಲ್ಲ ಕಣೋ. ನೀನು ಓಡಿಸೋದು ನೋಡಿ ಹೆದರ್ಕೊಂಡಿದೆ. ಹಲ್ಲು ಕೀಳೋ ಕೈ, ಸ್ಟೀರಿಂಗನ್ನೂ ಕೀಳೋಕೆ ನೋಡಿರ್ತೀಯ."

ಕುತ್ಮಾನ್ ನಕ್ಕ. ತಾನು ಈ ಕಾರನ್ನೇ ಕೊಂಡದ್ದು ಯಾಕೆ ಎಂದು ಬುರುಲ್‌ಗೆ ಹೇಳಿದ. ಮಾರಿದವನು ಚಕ್ರ ತೋರಿಸಿ, ಒಳಗಿರುವುದು ಉಸ್ತಾ ಸಮುದಿನನ ಬಿಲ್ಲೆ, ಗುರುತು ಬೇಕಾದರೆ ನೋಡಿಕೋ ಎಂದನಂತೆ. ಉಸ್ತಾನ ಕೈ ಬಿದ್ದ ಕಾರಿನಲ್ಲಿ ಮಗಳನ್ನು ಕೂರಿಸಿಕೊಂಡು ಹೋಗಲು ನನಗೇನು ಭಯ ಎಂದು ಕೊಂಡುಬಿಟ್ಟನಂತೆ.

ಬುರುಲ್ ಒದ್ದೆ ಕೈ ಒರೆಸಿಕೊಂಡು ಬಂದಳು. ಮೆದೆತ್ ಮುಂದಿನ ಎಡಚಕ್ರ ಕಳಚಿದ್ದ. ಹಬ್ಬಿಗೆ ಬಿಗಿದಿದ್ದ ಬಿಲ್ಲೆಯ ಮೇಲೆ ಬ್ರೇಕಿನ ಮಸಿ, ಚಳಿಗಾಲದ ರಸ್ತೆಯ ಉಪ್ಪು ದಪ್ಪಗೆ ಕೂತಿತ್ತು. ಅವಳು ಬಗ್ಗಿ ತಲೆವಸ್ತ್ರದ ಸೆರಗಿನಿಂದ ಅಂಚನ್ನು ಒಂದು ಕಡೆ ಒರೆಸಿದಳು. ಎರಡು ಕೊಂಬು, ಕೆಳಗೊಂದು ಗೆರೆ. ಕಾರಿನ ಕೆಳಗಿನಿಂದ ಗಂಡನೇ ಕೈ ಚಾಚಿ ಕರೆದಂತಾಯಿತು. ಅವಳ ಕಣ್ಣು ಮಂಜಾಯಿತು. ಆ ಗುರುತಿನ ಮೇಲೆ ಬೆರಳಿಟ್ಟಳು.

ಮೆದೆತ್ ಪಾನ ಹಿಡಿದು ಪಕ್ಕದಲ್ಲಿ ನಿಂತಿದ್ದ. ಬಿಲ್ಲೆಯನ್ನೂ ಇಳಿಸಿ ನೋಡೋಣವೇ ಎಂದು ಕುತ್ಮಾನ್ ಕೇಳಿದ.

"ಅದನ್ನ ಮುಟ್ಟಬೇಡಿ," ಎಂದಳು ಬುರುಲ್. "ಅದು ಅವರು ಹೊಡೆದದ್ದು. ನಡುಕ ಬೇರೆ ಎಲ್ಲೋ ಇರುತ್ತೆ. ಚಿಕ್ಕ ಧಣಿ, ಚಕ್ರದ ಬ್ಯಾಲೆನ್ಸ್ ನೋಡು. ಟೈರು ನೋಡು."

ಮೆದೆತ್ ಟೈರು ನೋಡಿದ, ಬ್ಯಾಲೆನ್ಸ್ ಸರಿಮಾಡಿದ, ಚಕ್ರ ಹಾಕಿ ಬಿಗಿದ. ಈಗ ಪರವಾಗಿಲ್ಲ ಎಂದ. ಮೂವರೂ ಕಾರಿನ ಪಕ್ಕದಲ್ಲಿ ನಿಂತರು. ಬುರುಲ್ ಅಂಗೈ ಬಿಚ್ಚಿದಳು. ದಾರಿ ಬೆಳ್ಳಗಿರಲಿ, ಮಗು ಸುಖವಾಗಿ ಮನೆ ಸೇರಲಿ ಎಂದಳು. ಮೆದೆತ್‌ನೂ ಅಂಗೈ ಬಿಚ್ಚಿದ್ದ. ಮೂವರೂ ಮುಖ ಸವರಿಕೊಂಡರು.

ಆರನೆಯ ದಿನ ಕುತ್ಮಾನ್ ಬಾಡಿಗೆ ಕಾರಿನಲ್ಲಿ ಬಂದ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಲೇತಿನ ಪಕ್ಕದ ಮೇಜಿನ ಮೇಲೆ ಅದನ್ನಿಟ್ಟು, ಕೂತು, ನಡೆದುದನ್ನು ಹೇಳಿದ. ಹಿಂದಿನ ದಿನ ಟೋಕ್ಮೋಕ್ ದಾರಿಯಲ್ಲಿ, ಹೆಂಡತಿ ಪಕ್ಕದಲ್ಲಿ, ಮಗಳು ಹಿಂದೆ ನಿದ್ದೆಯಲ್ಲಿ. ಒಂದು ಲಾರಿಯನ್ನು ದಾಟಲು ಕಾಲೊತ್ತಿದ ಕೂಡಲೇ ಕೆಳಗೆ ಮೂರು ಸಲ ಫಟ್ ಎಂದು ಸದ್ದಾಯಿತು. ಎಡಗಡೆ ಕುಸಿಯಿತು. ಹೇಗೆ ದಾರಿಯ ಪಕ್ಕದ ಪಾಪ್ಲರ್ ಮರಗಳ ಕೆಳಗೆ ತಂದು ನಿಲ್ಲಿಸಿದನೋ ಅವನಿಗೇ ತಿಳಿಯದು. ಇಳಿದು ನೋಡಿದರೆ ಐದರಲ್ಲಿ ಮೂರು ಬೋಲ್ಟು ತುಂಡಾಗಿ, ಚಕ್ರ ಎರಡರ ಮೇಲೆ ಜೋತುಬಿದ್ದಿತ್ತು. ಮಗಳಿಗೆ ಎಚ್ಚರವೂ ಆಗಿರಲಿಲ್ಲ.

ಅವನು ದನಿ ಏರಿಸಲಿಲ್ಲ. ಉಸ್ತಾನ ಕೆಲಸದಲ್ಲಿ ಹೀಗಾಗುವುದು ಹೇಗೆ, ತನಗೆ ತಿಳಿಯಲಿಲ್ಲ, ಅದಕ್ಕೇ ಕೇಳಲು ಬಂದೆ ಎಂದ. ಅವನು ಬೈದಿದ್ದರೆ ಬುರುಲ್‌ಗೆ ಎಷ್ಟೋ ಸುಲಭವಾಗುತ್ತಿತ್ತು.

ಅವಳು ಗಂಟು ಬಿಚ್ಚಿ ಬಿಲ್ಲೆಯನ್ನು ಎತ್ತಿಕೊಂಡಳು. ಎತ್ತಿದ ಕೂಡಲೇ ಕೈ ಹೇಳಿತು, ಇದು ಹಗುರ. ಮಸಿ ತೊಳೆದಿತ್ತು. ಮೈಯ ಮೇಲೆ ಉಗುರು ಎಳೆದಳು, ಅಲೆ ಇಲ್ಲ. ಎರಕ ಹೊಯ್ದು ಮೇಲೆ ಉಜ್ಜಿದ ಸಾಮಾನು. ನಡುವಿನ ತೂತು ಎರಡು ಮಿಲಿಮೀಟರ್ ದೊಡ್ಡದಾಗಿತ್ತು. ಅಂತರ ತುಂಬಲು ಒಂದು ಪ್ಲಾಸ್ಟಿಕ್ ಬಳೆ ತೂರಿಸಿದ್ದರು; ಬ್ರೇಕಿನ ಕಾವಿಗೆ ಅದು ಕರಗಿ ಒಂದು ಪಕ್ಕಕ್ಕೆ ಸೇರಿಕೊಂಡಿತ್ತು. ಅಂಚಿನ ಮೇಲೆ ಎರಡು ಕೊಂಬು, ಕೆಳಗೊಂದು ಗೆರೆ.

ಗಂಡ ಎಂದೂ ಲೇತ್ ಮುಟ್ಟಿದವನಲ್ಲ. ಅವನ ಕಾಲದ ಬಿಲ್ಲೆಗಳೆಲ್ಲ ಅವಳೇ ಕಡೆದದ್ದು. ಹಾಗಾದರೆ ಇದು ಎಲ್ಲಿಂದ ಬಂತು. ಒಂದು ಯೋಚನೆ ಅವಳ ಮನಸ್ಸಿಗೆ ಬಂತು. ತನಗೆ ತಿಳಿಯದ ಹಾಗೆ, ಹಿಂಬದಿಯಿಂದ, ಅವರೇ ಇಂಥದಕ್ಕೆ ಅಚ್ಚು ಹೊಡೆದಿದ್ದರೆ? ಅಂಗಳದಲ್ಲಿ ಮುನ್ನೂರು ಜನ ಹೇಳಿದ ಮಾತು? ಇನ್ನೊಂದು ತಿಂಗಳಿಗೆ ವರ್ಷದ ಆಶ್. ಕುದುರೆ ಕೊಯ್ದು, ಊರು ಕರೆದು, ಅವರ ಒಳ್ಳೆಯತನ ಹೇಳಿ ಉಣ್ಣುವ ದಿನ. ಆ ದಿನ ತಾನು ಯಾವ ಮುಖ ಹೊತ್ತು ಬಡಿಸಲಿ?

ಅಷ್ಟರಲ್ಲಿ ಮೆದೆತ್ ಬಂದ. ಮೇಜಿನ ಮೇಲಿದ್ದುದನ್ನೂ ಕುತ್ಮಾನನ ಮುಖವನ್ನೂ ನೋಡಿದ. ಮಗುವಿಗೆ ಏನೂ ಆಗಲಿಲ್ಲ ತಾನೇ ಎಂದು ಮೊದಲು ಕೇಳಿದ. ಅದನ್ನು ಅವನು ನಿಜವಾಗಿಯೇ ಕೇಳಿದ. ಆಮೇಲೆ ಬಿಲ್ಲೆಯನ್ನು ತಿರುಗಿಸಿ, ಗುರುತು ನೋಡಿ, ನಿಟ್ಟುಸಿರು ಬಿಟ್ಟ.

"ಅತ್ತಿಗೆ, ಇದನ್ನ ಹೇಳಬಾರ್ದು ಅಂತಿದ್ದೆ," ಎಂದ. "ಕೊನೇ ವರ್ಷ ಅಣ್ಣನಿಗೆ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ. ಯಾರೋ ಹೊರಗಿಂದ ತಂದ ಬಿಲ್ಲೆಗೆ ಹೊಡೆದುಬಿಟ್ಟಿರ್ಬೇಕು. ಸತ್ತೋರ ಮೇಲೆ ಏನು ಹೇಳೋದು. ಕುತ್ಮಾನ್, ನೀನೂ ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡು."

ಬುರುಲ್ ಬಿಲ್ಲೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹೋಗಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದಳು. ಎಡಗೊಂಬಿಗೆ ತುದಿ ಇರಲಿಲ್ಲ.

ಅವಳು ಒಳಕೋಣೆಗೆ ಹೋಗಿ ಉಣ್ಣೆಯ ಚೀಲ ತಂದಳು. ಅಚ್ಚನ್ನು ತೆಗೆದು, ಒಂದು ಸೀಸದ ತುಂಡಿನ ಮೇಲೆ ಸುತ್ತಿಗೆಯಿಂದ ಒಮ್ಮೆ ಹೊಡೆದಳು. ಹಲಗೆಯ ಮೇಲೆ ಹಳೆಯದೊಂದು ಬಿಲ್ಲೆ ಇತ್ತು, ಸಮುದಿನ್ ಮೊದಲು ಅಚ್ಚು ಹೊಡೆದ ಸೆಟ್ಟಿನದು, ನೆನಪಿಗೆಂದು ಇಟ್ಟುಕೊಂಡದ್ದು. ಮೂರನ್ನೂ ಕುತ್ಮಾನನ ಮುಂದೆ ಸಾಲಾಗಿಟ್ಟು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟಳು. ಹಳೆಯದರಲ್ಲಿ ಎರಡು ಕೊಂಬೂ ಪೂರ್ತಿ. ಸೀಸದಲ್ಲಿ ಎಡಗೊಂಬು ಮೊಂಡು. ಮುರಿದ ಕಾರಿನ ಬಿಲ್ಲೆಯಲ್ಲೂ ಮೊಂಡು.

"ಈ ತುದಿ ಮುರಿದದ್ದು ನನ್ನ ಕೈಯಿಂದ," ಎಂದಳು. "ಅವರ ನಲವತ್ತು ದಿನ ಮುಗಿದ ಮೇಲೆ. ಅವರು ಬದುಕಿದ್ದಾಗ ಹೊಡೆದದ್ದಾದ್ರೆ ತುದಿ ಇರ್ಬೇಕಿತ್ತು."

ಕುತ್ಮಾನ್ ಬಹಳ ಹೊತ್ತು ನೋಡಿದ. ಬಾಯಿಯೊಳಗೆ ಸಣ್ಣ ಬಿರುಕು ಹುಡುಕಿ ಪಳಗಿದ ಕಣ್ಣು ಅವನದು. ಭೂತಗನ್ನಡಿಯನ್ನು ಕೆಳಗಿಟ್ಟ.

"ಹಾಗಾದ್ರೆ ಇದನ್ನ ಹೊಡೆದೋರು ಯಾರು ಅಕ್ಕ?"

ಬುರುಲ್‌ಗೆ ಆ ಗಳಿಗೆಯಲ್ಲಿ ಏನೇನೋ ಹೊಳೆಯಿತು. ನನ್ನಿಂದ ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಮನೆ ಉಳಿಯುತ್ತದೆ. ಆಶ್ ದಿನ ಬಾಗಿಲಲ್ಲಿ ನಿಂತು ಬಂದವರ ಕುದುರೆ ಹಿಡಿಯಬೇಕಾದವನು, ಅಣ್ಣನ ಜಾಗದಲ್ಲಿ ನಿಲ್ಲಬೇಕಾದವನು ಇವನೊಬ್ಬನೇ. ಅವನು ಕಾಲಿನ ಬೆರಳಿನಿಂದ ನೆಲದ ಮೇಲಿನ ಲೋಹದ ಸುರುಳಿಯೊಂದನ್ನು ತಳ್ಳುತ್ತ ನಿಂತಿದ್ದ. ಹನ್ನೊಂದು ವರ್ಷದವನಾಗಿದ್ದಾಗ ಸಕ್ಕರೆ ಕದ್ದು ಸಿಕ್ಕಿಬಿದ್ದರೆ ಹೀಗೆಯೇ ನಿಲ್ಲುತ್ತಿದ್ದ. ಅತ್ತಿಗೆ ತನ್ನನ್ನು ಬಿಟ್ಟುಕೊಡುವುದಿಲ್ಲ ಎಂದು ಅವನಿಗೆ ಆಗಲೂ ಗೊತ್ತಿತ್ತು.

ತಪ್ಪನ್ನು ಅವನು ಅವಳ ಮೇಲೆಯೇ ಹೊರಿಸಿದ್ದರೆ ಅವಳು ಈಗಲೂ ಬಿಟ್ಟುಕೊಡುತ್ತಿರಲಿಲ್ಲವೇನೋ. ಅವನು ಹೊರಿಸಿದ್ದು ಎದ್ದು ಬಂದು ಅಲ್ಲ ಎನ್ನಲಾರದವನ ಮೇಲೆ.

"ಮೆದೆತ್," ಎಂದಳು ಬುರುಲ್. "ಮೆದೆತ್ ಹೊಡೆದದ್ದು. ನಮ್ಮ ಮನೆಯವರ ತಮ್ಮ."

ಅವಳ ನಾಲಿಗೆಗೆ ಆ ಹೆಸರು ಬೇರೆ ಯಾರದೋ ಮನೆಯ ಸಾಮಾನಿನ ಹಾಗಿತ್ತು. ಮೆದೆತ್ ಬೆನ್ನ ಹಿಂದಿನಿಂದ ಯಾರೋ ಕರೆದ ಹಾಗೆ ತಲೆ ಎತ್ತಿದ. ಕುತ್ಮಾನನೂ ಕಣ್ಣು ತಗ್ಗಿಸಿದ; ಸೊಸೆಯೊಬ್ಬಳು ಗಂಡನ ತಮ್ಮನ ಹೆಸರು ಹೇಳುವುದನ್ನು ಕೇಳಿ ಅವನಿಗೂ ಅಭ್ಯಾಸವಿರಲಿಲ್ಲ.

"ಅತ್ತಿಗೆ, ನನ್ನ ಹೆಸರು..." ಎಂದು ಮೆದೆತ್ ತೊಡಗಿ ನಿಲ್ಲಿಸಿದ.

ಆಮೇಲೆ ಒಂದೊಂದಾಗಿ ಹೊರಬಿತ್ತು. ಹುಡುಗರು ಎರಡು ದಿನ ಕಾಯುವುದಿಲ್ಲ. ಎರಡು ಗಂಟೆಯಲ್ಲಿ ಆಗಬೇಕು, ಇಲ್ಲದಿದ್ದರೆ ಮುಂದಿನ ಶೆಡ್ಡಿಗೆ ಹೋಗುತ್ತಾರೆ. ಸಂತೆಯಲ್ಲಿ ಎರಕದ ಬಿಲ್ಲೆ ಬೇಕಾದಷ್ಟು ಸಿಗುತ್ತದೆ. ನೂರು ಕಾರುಗಳು ಅವುಗಳ ಮೇಲೇ ಓಡುತ್ತಿವೆ. ಗುರುತು ಕೇಳುತ್ತಿದ್ದರು, ಹೊಡೆದುಕೊಟ್ಟೆ. ಐವತ್ತು ಕಿಲೋಮೀಟರ್ ಓಡಿಸಿ ಬರಲು ಯಾರಿಗೂ ಪುರುಸೊತ್ತಿರಲಿಲ್ಲ. ಒಟ್ಟು ಏಳು ಕಾರು.

"ಅಣ್ಣ ಹೋದ್ಮೇಲೆ ಆ ಅಚ್ಚು ಚೀಲದಲ್ಲೇ ಸಾಯ್ತಾ ಇತ್ತು ಅತ್ತಿಗೆ. ತಿಂಗಳಿಗೆ ಎರಡು ಸಲ ಆಚೆ ಬರ್ತಿತ್ತು. ನಾನು ಅವನ ಹೆಸರು ನಡೆಸಿದೆ. ಬೇರೇನು ಮಾಡಿದೆ?"

"ಯಾವಾಗ ತಗೊಳ್ತಿದ್ದೆ?"

ಅವನು ಹಿತ್ತಲ ಕಡೆ ಕಣ್ಣು ಹಾಯಿಸಿದ. "ಗುರುವಾರ. ನೀವು ಒಲೆ ಮುಂದೆ ಇರ್ತಿದ್ರಲ್ಲ."

ಅವಳು ಹಿತ್ತಲಲ್ಲಿ ಗಂಡನಿಗಾಗಿ ಎಣ್ಣೆ ಕಾಯಿಸಿ ದೇವರ ಮಾತು ಹೇಳುತ್ತಿದ್ದ ಹೊತ್ತಿನಲ್ಲಿ, ಗೋಡೆಯ ಈಚೆ ಕುರಾನಿನ ಕೆಳಗಿನಿಂದ ಚೀಲ ಇಳಿದಿತ್ತು. ಸುತ್ತಿಗೆಯ ಸದ್ದೂ ಕೇಳಿರಬೇಕು. ಚಿಕ್ಕ ಧಣಿ ಏನೋ ಕೆಲಸ ಮಾಡುತ್ತಿದ್ದಾನೆ, ಶ್ರಮಜೀವಿ ಎಂದುಕೊಂಡಿರಬೇಕು.

"ಅವತ್ತು ನಾನು ಬಿಲ್ಲೆ ಮುಟ್ಟಬೇಡಿ ಅಂದೆ," ಎಂದಳು. "ನೀನು ಪಾನ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ಆ ಮಗುವಿಗೆ ದಾರಿ ಬೆಳ್ಳಗಿರಲಿ ಅಂತ ಕೈ ಎತ್ತಿದಾಗ, ನೀನೂ ಎತ್ತಿದೆ."

ಮೆದೆತ್ ಜೇಬಿನಿಂದ ಫೋನ್ ತೆಗೆದ. ಉಳಿದ ಆರು ಕಾರಿನವರಿಗೂ ಅವಳ ಎದುರಿನಲ್ಲೇ ಫೋನ್ ಮಾಡಿ, ಓಡಿಸಬೇಡಿ, ಎಳೆಸಿಕೊಂಡು ಬನ್ನಿ ಎಂದು ಹೇಳಿದ. ಕೊನೆಯ ಫೋನ್ ಮುಗಿದ ಮೇಲೆ ಪಾನವನ್ನು ಮೊಳೆಗೆ ತೂಗುಹಾಕಿ ಹೊರಟುಹೋದ. ಅವಳು ತಡೆಯಲಿಲ್ಲ.

ಆ ವಾರವೆಲ್ಲ ಕಾರುಗಳು ಬಂದವು. ಕಾರು ಎತ್ತುವುದು, ಬಿಚ್ಚುವುದು ಎಲ್ಲ ಬುರುಲ್ ಒಬ್ಬಳೇ ಮಾಡಿದಳು. ಸಂಜೆ ಕುತ್ಮಾನ್ ಬಂದು ಚಕ್ರ ಎತ್ತಿಕೊಡುತ್ತಿದ್ದ. ಬೇಡವೆಂದರೂ ಕೇಳಲಿಲ್ಲ. ಎರಕದ ಬಿಲ್ಲೆಗಳನ್ನು ತೆಗೆದು, ದಣಿದ ಬೋಲ್ಟು ಬದಲಿಸಿ, ಚಕ್ರಗಳನ್ನು ಮೊದಲಿದ್ದ ಹಾಗೆ ನೇರ ಹಬ್ಬಿಗೆ ಬಿಗಿದಳು. ಪ್ರತಿಯೊಬ್ಬರಿಗೂ ನಡೆದುದನ್ನು ನಡೆದಂತೆ ಹೇಳಿದಳು. ಕೆಲವರು ಸುಮ್ಮನೆ ಕೇಳಿಕೊಂಡರು. ಒಬ್ಬ ಮಾತ್ರ, ಪಂದ್ಯಕ್ಕೆ ಕಾರು ಓಡಿಸುವ ಹುಡುಗ, ತುಟಿ ಸೊಟ್ಟ ಮಾಡಿದ.

"ಸತ್ತು ಆರು ತಿಂಗಳಾದ ಮೇಲೂ ಬಂದು ಅಚ್ಚು ಹೊಡೀತಾರಲ್ಲ ಅಕ್ಕ. ಗಟ್ಟಿ ಆಳು ನಿಮ್ಮ ಉ‌ಸ್ತಾ."

ಅವನು ಹೋದ ಮೇಲೆ ಬುರುಲ್ ಬಾಗಿಲು ಹಾಕಿಕೊಂಡಳು. ಅಚ್ಚನ್ನು ಲೇತಿನ ದವಡೆಗೆ ಸಿಕ್ಕಿಸಿ ಬಿಗಿದಳು. ಬಿಸ್ಮಿಲ್ಲಾ ಎಂದು ಯಂತ್ರ ಹಾಕಿದಳು. ಗಟ್ಟಿ ಉಕ್ಕು, ಉಳಿ ಕಿರುಗುಟ್ಟಿತು. ಮೊದಲ ಸಲಕ್ಕೆ ಕೊಂಬುಗಳು ತೆಳುವಾದವು, ಎರಡನೆಯದಕ್ಕೆ ಹೋದವು, ಮೂರನೆಯದಕ್ಕೆ ಕೆಳಗಿನ ಗೆರೆಯೂ ಹೋಯಿತು. ಕನ್ನಡಿಯಂಥ ಮೈ ಉಳಿಯಿತು. ಅದರ ಮೇಲೆ ಉಗುರು ಎಳೆದಳು. ಅವಳ ಲೇತಿನ ಸಣ್ಣ ಅಲೆ ಸಿಕ್ಕಿತು. ಅದನ್ನು ಮತ್ತೆ ಉಣ್ಣೆಯ ಚೀಲದಲ್ಲಿಟ್ಟು ಹಲಗೆಯ ಕೆಳಗೆ ಇಟ್ಟಳು.

ಗುರುವಾರ ಎಂದಿನಂತೆ ಎಣ್ಣೆ ಕಾಯಿಸಿದಳು. ಬೊರ್ಸೋಕ್ ಉಬ್ಬಿ ಮೇಲೆ ಬರುತ್ತಿದ್ದವು. ನೆರಳಾಡಿದಂತಾಗಿ ತಿರುಗಿದರೆ ಗೇಟಿನಲ್ಲಿ ಮೆದೆತ್ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ. ಆಶ್ ದಿನದ ಕುದುರೆಗೆ ಒಬ್ಬನಿಗೆ ಹೇಳಿ ಬಂದಿದ್ದೇನೆ, ನೋಡಿಬರಬೇಕು ಎಂದು ನೆಲ ನೋಡಿಕೊಂಡು ಹೇಳಿದ. ಇನ್ನೂ ಏನೋ ಹೇಳಲಿಕ್ಕಿತ್ತು. ಅವಳು ಬೈಯಲಿ, ಕೈಯಲ್ಲಿದ್ದ ಜಾಲರಿ ಸೌಟಿನಿಂದ ಬೇಕಾದರೆ ಎರಡು ಹೊಡೆಯಲಿ ಎಂದು ಕಾಯುವಂತೆ ನಿಂತ.

ಬುರುಲ್ ಜಾಲರಿಯನ್ನು ಪಾತ್ರೆಯ ಮೇಲಿಟ್ಟು, ತಲೆವಸ್ತ್ರ ಸರಿಮಾಡಿಕೊಂಡು ಎದ್ದಳು.

"ಬನ್ನಿ ಮೆದೆತ್ ಅವರೇ," ಎಂದಳು. "ಬಿಸಿಲಲ್ಲಿ ನಿಲ್ಲಬೇಡಿ. ಚಹಾ ಕುಡಿದು ಹೋಗಿ."

ಅವನು ಬೂಟು ಕಳಚಿ ಒಳಗೆ ಬಂದ. ಯಾವಾಗಲೂ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂರುತ್ತಿದ್ದವನು ಅಲ್ಲಿಗೇ ಹೆಜ್ಜೆ ಹಾಕಿದ. ಬುರುಲ್ ಬಾಗಿಲಿಗೆ ಎದುರಾಗಿ ಅತಿಥಿಗಳು ಕೂರುವ ಮೇಲಿನ ಜಾಗದಲ್ಲಿ ಹೊಸ ಹಾಸು ಹಾಸಿ, ಅಲ್ಲಿ ಕೂರಬೇಕೆಂದು ಎರಡೂ ಕೈಯಿಂದ ತೋರಿಸಿದಳು. ಅವನು ಆ ಹಾಸಿನ ಅಂಚಿಗೆ ಹೋಗಿ ಕೂತ. ಅವಳು ಹೂವಿನ ಚಿತ್ರದ ಒಳ್ಳೆಯ ಬಟ್ಟಲಿನಲ್ಲಿ, ಗೌರವಕ್ಕೆ ಹಾಕುವಷ್ಟೇ, ಅರ್ಧ ಚಹಾ ಹಾಕಿ ಮುಂದಿಟ್ಟಳು. ಅವನು ಒಂದು ಬೊರ್ಸೋಕ್ ತಿಂದ. ಮುಖ ಸವರಿಕೊಂಡು, ಬರುತ್ತೇನೆ ಎಂದು ಎದ್ದ. ಬುರುಲ್ ಬೇರೆ ಅತಿಥಿಗಳನ್ನು ಕಳಿಸುವ ಹಾಗೆ ಗೇಟಿನವರೆಗೂ ಹೋಗಿ ಕಳಿಸಿಬಂದಳು.